ಕೂಡ್ಲಿಗಿಯ ಬೂದಿ ಕೇಳುವ ಪ್ರಶ್ನೆ

ನಮ್ಮ ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆ ಮಮ್ಮಿ ಅಂದ್ರೆ ಸಿನಿಮಾದಲ್ಲಿ ಕಂಡದ್ದು, ಅಷ್ಟೇ. ಆದರೆ ಪಕ್ಕದ ಕೂಡ್ಲಿಗಿಯ ಹುತಾತ್ಮರ ಸ್ಮಾರಕದಲ್ಲಿ ಗಾಂಧಿಯ ಚಿತಾಭಸ್ಮ ಇದೆ. ಆ ಊರು ದಾಟುವಾಗೆಲ್ಲ ನನಗೆ ಅನಿಸೋದು: ಇಡೀ ದೇಹವನ್ನೇ ಯಾಕೆ ಉಳಿಸಲಿಲ್ಲ?

ಈಜಿಪ್ಟಿನವರು ಹೆಣದ ಒಳಾಂಗ ತೆಗೆದು, ನೇಟ್ರಾನ್ ಎಂಬ ಉಪ್ಪಿನಲ್ಲಿ ಒಣಗಿಸಿ, ಬಟ್ಟೆ ಸುತ್ತುತ್ತಿದ್ದರು. ಸುಮಾರು 70 ದಿನದ ಕೆಲಸ. ಸತ್ತ ಮೇಲಿನ ಬದುಕಿಗೂ ದೇಹ ಬೇಕು ಅನ್ನೋದು ಅವರ ನಂಬಿಕೆ. 1924ರಲ್ಲಿ ಲೆನಿನ್ ತೀರಿಕೊಂಡಾಗ ಹೆಂಡತಿ ಕ್ರುಪ್ಸ್ಕಾಯಾ ಬೇಡವೆಂದರೂ ಸರ್ಕಾರ ಶವ ಕೆಡದಂತೆ ಮಾಡಿ ಮಾಸ್ಕೋದಲ್ಲಿ ಪ್ರದರ್ಶನಕ್ಕಿಟ್ಟಿತು. ದೇಹ ಸುಡಿ ಎಂದು ಬರೆದಿಟ್ಟಿದ್ದ ಹೋ ಚಿ ಮಿನ್ ಅವರಿಗೂ ಅದೇ ಗತಿ.

ಗಾಂಧಿಗೆ ದೇಹವೇ ರಾಜಕಾರಣದ ಸಾಧನ. 1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿ, ಲಂಡನ್‌ನಲ್ಲಿ ಬ್ಯಾರಿಸ್ಟರ್ ಆದವರು. 1893ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಣ್ಣದ ಕಾರಣಕ್ಕೆ ರೈಲಿನಿಂದ ಹೊರದಬ್ಬಿಸಿಕೊಂಡರು. 1915ರಲ್ಲಿ ಮರಳಿದವರು, 1921ರಲ್ಲಿ ಮಧುರೆಯಲ್ಲಿ ಅಂಗಿ ಬಿಟ್ಟು ತುಂಡು ಪಂಚೆ ಉಟ್ಟರು. 1930ರಲ್ಲಿ ಅರವತ್ತರ ವಯಸ್ಸಿನಲ್ಲಿ ಉಪ್ಪಿಗಾಗಿ 24 ದಿನ ನಡೆದರು. 1932ರಲ್ಲಿ ಯರವಾಡ ಜೈಲಿನಲ್ಲಿ ದಲಿತರ ಪ್ರತ್ಯೇಕ ಮತಕ್ಷೇತ್ರದ ವಿರುದ್ಧ ಉಪವಾಸ ಕೂತು ಅಂಬೇಡ್ಕರರನ್ನು ಇಕ್ಕಟ್ಟಿಗೆ ಸಿಲುಕಿಸಿದರು. ಅದನ್ನು ಮರೆಮಾಚಬಾರದು. ಕೊನೆಯ ಉಪವಾಸ 1948ರ ಜನವರಿಯಲ್ಲಿ, ದೆಹಲಿಯ ಮುಸ್ಲಿಮರ ಸುರಕ್ಷತೆಗಾಗಿ. ಅದು ಮುಗಿದು ಎರಡು ವಾರವೂ ಆಗಿರಲಿಲ್ಲ, ಜನವರಿ 30ರಂದು ಗೋಡ್ಸೆ ಗುಂಡಿಟ್ಟ.

ಜನರ ದರ್ಶನಕ್ಕಾಗಿ ಶವ ಕೆಡದಂತೆ ಇಡೋಣ ಎಂಬ ಸಲಹೆ ಮೌಂಟ್‌ಬ್ಯಾಟನ್‌ರಿಂದ ಬಂತು. ಗಾಂಧಿಗೆ ಅದು ಇಷ್ಟವಿರಲಿಲ್ಲ ಎಂದು ಕಾರ್ಯದರ್ಶಿ ಪ್ಯಾರೇಲಾಲ್ ತಡೆದರು. ಮರುದಿನವೇ ಯಮುನೆಯ ದಡದಲ್ಲಿ ಚಿತೆ. ಬೂದಿ ದೇಶದ ಹಲವೆಡೆ ಹಂಚಿಹೋಯಿತು, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಕೂಡ್ಲಿಗಿಗೂ ಬಂತು.

ದೇಹವನ್ನೇನೋ ಸುಟ್ಟೆವು, ಮನುಷ್ಯನನ್ನು ಮಾತ್ರ ಮಮ್ಮಿ ಮಾಡಿಬಿಟ್ಟೆವು. ನೋಟಿನ ಮೇಲೊಂದು ನಗು, ಅಕ್ಟೋಬರ್ 2ಕ್ಕೆ ಒಂದು ಹಾರ, ಮುಗೀತು. ದೇವದಾಸಿ ಪದ್ಧತಿಯನ್ನು ಗಾಂಧಿ 1920ರ ದಶಕದಲ್ಲೇ ಖಂಡಿಸಿದ್ದರು. ರಾಜ್ಯ ಅದನ್ನು ನಿಷೇಧಿಸುವ ಕಾಯ್ದೆ ತಂದದ್ದು 1982ರಲ್ಲಿ. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ನಮ್ಮ ಇದೇ ತಾಲ್ಲೂಕುಗಳಲ್ಲಿ ಇವತ್ತಿಗೂ ಬದುಕಿದ್ದಾರೆ.

ಕೂಡ್ಲಿಗಿಗೆ ಹೋದ್ರೆ ಸ್ಮಾರಕ ನೋಡಿ ಬನ್ನಿ. ಹಾಗೇ ಆ ಹೆಣ್ಣುಮಕ್ಕಳ ಕೇರಿಗೂ ಒಮ್ಮೆ ಹೋಗಿ ಬನ್ನಿ.