ಬೀಗಗಳನ್ನು ಸೋಲಿಸಿದ ಹಾಬ್ಸ್

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಹಳ್ಳಿಯ ಮನೆಯ ಬೀಗದ ಕೈ ಕಳೆದುಹೋಯಿತು. ಬಾವಿಕಟ್ಟೆಯಿಂದ ಹೊಲದ ಬದುವಿನವರೆಗೆ ಹುಡುಕಿದ್ದಾಯಿತು, ಸಿಕ್ಕಲಿಲ್ಲ. ಕೊನೆಗೆ ಪಕ್ಕದ ಮನೆಯ ಅಜ್ಜಿಯು ತನ್ನ ಸೊಂಟದ ಗೊಂಚಲಿನಿಂದ ಒಂದು ಕೈಯನ್ನು ಆರಿಸಿ ತಿರುವಿದಳು. ಬೀಗ ತೆರೆದುಕೊಂಡಿತು! ಎಲ್ಲರೂ ನಕ್ಕರು. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ. ಆ ಬಾಗಿಲ ಹಿಂದಿನ ಟ್ರಂಕಿನಲ್ಲಿ ಅವ್ವನ ಎರಡು ಬಳೆಗಳೂ ನನ್ನ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣವೂ ಇದ್ದವು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗನು ನಾನು. ಆ ಓದಿಗೆ ಇಷ್ಟು ದಿನ ಕಾವಲಿದ್ದುದು ಯಾರ ಕೈಗಾದರೂ ತೆರೆಯುವ ಬೀಗವೆ?

ಈ ಚಿಂತೆಯಿಂದಲೇ ನಾನು ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸನ ಜೀವನವನ್ನು ಹುಡುಕಿ ಓದಿದೆನು. ಅದನ್ನು ನನ್ನ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹಾಬ್ಸನು 1812ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ದುಡಿಮೆಗಿಳಿದ ಆತನಿಗೆ ಶಾಲೆಯ ಭಾಗ್ಯ ಹೆಚ್ಚು ದೊರೆಯಲಿಲ್ಲ. ಹೊಲದ ಕೆಲಸ, ಅಂಗಡಿಯ ಕೆಲಸ, ಗಾಡಿ ಕಟ್ಟುವ ಕೆಲಸ—ಹೀಗೆ ಒಂದೊಂದನ್ನೂ ಹಿಡಿದು ಬಿಟ್ಟು, ಕೊನೆಗೆ ಗಾಜು ಕೊರೆಯುವ ಕಸುಬಿಗೆ ಸೇರಿದನು. ಅಲ್ಲಿ ಬಾಗಿಲುಗಳಿಗೆ ಗಾಜಿನ ಹಿಡಿಗಳನ್ನು ಕೂಡಿಸುತ್ತ ಕೂಡಿಸುತ್ತ ಆತನ ಗಮನ ಬೀಗಗಳ ಕಡೆಗೆ ತಿರುಗಿತು. ಮುಂದೆ ನ್ಯೂಯಾರ್ಕಿನ ಡೇ ಮತ್ತು ನ್ಯೂವೆಲ್ ಎಂಬ ಬೀಗದ ಕಂಪನಿಯ ಪ್ರತಿನಿಧಿಯಾದನು. ತನ್ನ ಬೀಗವನ್ನು ಹೊಗಳಿ ಮಾರುವ ಬದಲು, ಗಿರಾಕಿಯ ಬೀಗವನ್ನು ಅವನೆದುರಿಗೇ ತೆರೆದು ತೋರಿಸುವುದು ಆತನ ಪದ್ಧತಿ.

1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ಜಗತ್ತಿನ ಮಹಾ ವಸ್ತುಪ್ರದರ್ಶನ ನಡೆಯಿತು. ಕಂಪನಿಯ ಬೀಗದೊಡನೆ ಹಾಬ್ಸನೂ ಅಲ್ಲಿಗೆ ಹೋದನು. ಆಗ ಇಂಗ್ಲೆಂಡಿನ ಜನರಿಗೆ ಎರಡು ಬೀಗಗಳ ಮೇಲೆ ಅಚಲವಾದ ನಂಬಿಕೆ. ಒಂದು, 1818ರಲ್ಲಿ ಜೆರೆಮಿಯ ಚಬ್ ರಚಿಸಿದ್ದು. ಇದರೊಳಗಿನ ಲಿವರುಗಳನ್ನು ಬೀಗದ ಕೈಯು ಒಂದೊಂದಕ್ಕೆ ಗೊತ್ತಾದ ಎತ್ತರಕ್ಕೆ ಎತ್ತಿದರೆ ಮಾತ್ರ ಅಗುಳಿ ಸರಿಯುತ್ತದೆ. ಯಾವುದಾದರೊಂದು ಹೆಚ್ಚಾಗಿ ಎದ್ದರೆ ಬೀಗವು ಬಿಗಿದುಕೊಂಡು, ಯಾರೋ ಕೈಯಾಡಿಸಿದ್ದಾರೆಂದು ಯಜಮಾನನಿಗೆ ತಿಳಿಸುತ್ತದೆ. ಇನ್ನೊಂದು, ಜೋಸೆಫ್ ಬ್ರಾಮನು 1784ರಲ್ಲಿ ಹಕ್ಕುಪತ್ರ ಪಡೆದ ಬೀಗ. ಪಿಕಡಿಲಿಯಲ್ಲಿದ್ದ ಬ್ರಾಮ ಅಂಗಡಿಯ ಕಿಟಕಿಯಲ್ಲಿ ಅಂಥದೊಂದು ಬೀಗ ಹಲವು ದಶಕಗಳಿಂದ ಕುಳಿತಿತ್ತು. ತೆರೆದವರಿಗೆ 200 ಗಿನಿಗಳ ಬಹುಮಾನವೆಂಬ ಫಲಕವೂ ಜೊತೆಗಿತ್ತು.

ಜುಲೈ ತಿಂಗಳಲ್ಲಿ ಹಾಬ್ಸನು ವೆಸ್ಟ್‌ಮಿನ್‌ಸ್ಟರಿನ ಒಂದು ಮನೆಯಲ್ಲಿ, ಸಾಕ್ಷಿಗಳ ಎದುರಿಗೆ, ಚಬ್ ಬೀಗವನ್ನು ಕೇವಲ 25 ನಿಮಿಷಗಳಲ್ಲಿ ತೆರೆದನು. ಅಷ್ಟೇ ಅಲ್ಲ, ಯಾವ ಗುರುತೂ ಉಳಿಯದಂತೆ ಮತ್ತೆ ಹಾಕಿದನು! ಬ್ರಾಮ ಬೀಗ ಅಷ್ಟು ಸುಲಭವಾಗಿ ಸೋಲಲಿಲ್ಲ. ಅದರೊಳಗೆ 18 ಜಾರುಪಟ್ಟಿಗಳಿದ್ದವು. ಹಾಬ್ಸನು 16 ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆ ಶ್ರಮಿಸಿ, ಆಗಸ್ಟ್ ತಿಂಗಳಲ್ಲಿ ಅದನ್ನೂ ತೆರೆದನು. ಅಂಗಡಿಯವರು ಆಕ್ಷೇಪಿಸಿದರೂ ಮಧ್ಯಸ್ಥರು ಆತನ ಪರವಾಗಿ ತೀರ್ಪಿತ್ತರು. 200 ಗಿನಿಗಳು ಆತನಿಗೆ ಸಂದವು.

ಇದರಲ್ಲಿ ಮಾಟಮಂತ್ರವೇನೂ ಇರಲಿಲ್ಲ. ಎಂಥ ಕುಶಲ ಕಮ್ಮಾರನೂ ಎಲ್ಲ ಭಾಗಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡಲಾರನು. ಅಗುಳಿಯ ಮೇಲೆ ಮೆಲ್ಲಗೆ ಒತ್ತಡ ಹಾಕಿದರೆ ಭಾರವು ಎಲ್ಲಕ್ಕೂ ಸಮನಾಗಿ ಬೀಳದೆ ಯಾವುದೋ ಒಂದು ಭಾಗಕ್ಕೆ ಮೊದಲು ತಗಲುತ್ತದೆ. ಅದು ಬಿಡುಗಡೆಯಾದ ಮೇಲೆ ಮತ್ತೊಂದರ ಸರದಿ. ಬೆರಳ ತುದಿಯಲ್ಲಿ ಈ ವ್ಯತ್ಯಾಸವನ್ನು ಅರಿಯುವ ತಾಳ್ಮೆಯೇ ಹಾಬ್ಸನ ವಿದ್ಯೆ. ಯಜಮಾನನನ್ನು ಎಚ್ಚರಿಸಬೇಕಾದ ಚಬ್ಬನ ಸೂಚಕವು, ಯಾವ ಲಿವರು ಹೆಚ್ಚಾಗಿ ಎದ್ದಿತೆಂಬುದನ್ನು ಆತನಿಗೂ ತಿಳಿಸಿಕೊಟ್ಟಿತು!

ಲಂಡನ್ನಿನಲ್ಲಿ ದೊಡ್ಡ ಗದ್ದಲವೆದ್ದಿತು. ಈತನು ಕಳ್ಳರಿಗೆ ಪಾಠ ಹೇಳುತ್ತಿದ್ದಾನೆಂದು ಕೆಲವರು ದೂರಿದರು. ಅದಕ್ಕೆ ಉತ್ತರವು 1853ರಲ್ಲಿ ಚಾರ್ಲ್ಸ್ ಟಾಮ್ಲಿನ್‌ಸನ್ ಸಂಪಾದಿಸಿ, ಹಾಬ್ಸನ ಅನುಭವವನ್ನು ಆಧರಿಸಿ ಹೊರತಂದ ಗ್ರಂಥದಲ್ಲಿದೆ. ಕಳ್ಳನಿಗೆ ತನ್ನ ಕಸುಬು ಮೊದಲೇ ಚೆನ್ನಾಗಿ ಗೊತ್ತು; ಗೊತ್ತಿಲ್ಲದಿರುವುದು ಬೀಗವನ್ನು ನಂಬಿ ಮಲಗುವ ಸಜ್ಜನನಿಗೆ; ಆದುದರಿಂದ ದೋಷವನ್ನು ಮುಚ್ಚಿಡುವುದರಿಂದ ಲಾಭ ಕಳ್ಳನಿಗೇ ಎಂಬುದು ಅದರ ವಾದ. ನನ್ನ ಮಟ್ಟಿಗೆ ಬೀಗಗಳನ್ನು ತೆರೆದುದಕ್ಕಿಂತ ಈ ಮಾತೇ ದೊಡ್ಡದು. ತಿಳಿವನ್ನು ಕೆಲವರೇ ಇಟ್ಟುಕೊಂಡರೆ ಉಳಿದವರು ಏನನ್ನು ಕಳೆದುಕೊಳ್ಳುತ್ತಾರೆಂಬುದನ್ನು ಅಕ್ಷರವಿಲ್ಲದ ಮನೆಯಿಂದ ಬಂದ ನಾನು ಬಲ್ಲೆ.

ಹಾಬ್ಸನು ಲಂಡನ್ನಿನಲ್ಲಿಯೇ ಬೀಗದ ಕಾರ್ಖಾನೆ ತೆರೆದನು. 1860ರಲ್ಲಿ ಸ್ವದೇಶಕ್ಕೆ ಮರಳಿ, ಮೊದಲು ಹೊಲಿಗೆಯಂತ್ರದ, ಬಳಿಕ ಬ್ರಿಜ್‌ಪೋರ್ಟಿನಲ್ಲಿ ತೋಟಾ ತಯಾರಿಸುವ ಕಾರ್ಖಾನೆಯನ್ನು ನಡೆಸಿ, 1891ರಲ್ಲಿ ತೀರಿಕೊಂಡನು. ಆತನು ಲಂಡನ್ನಿಗೆ ಕೊಂಡೊಯ್ದಿದ್ದ ನ್ಯೂವೆಲ್ ಬೀಗವನ್ನೂ ಲೈನಸ್ ಯೇಲ್ ಕಿರಿಯನು ಮುಂದೆ ತೆರೆದು ತೋರಿಸಿದನು. ಇಂದು ಎಷ್ಟೋ ಮನೆಗಳ ಬಾಗಿಲಲ್ಲಿರುವ, ಚಪ್ಪಟೆ ಕೈಯ ಬೀಗವು ಯೇಲನ ಕೊಡುಗೆ. ಅದರೊಳಗಿನ ಪುಟ್ಟ ಗೂಟಗಳಿಗೂ ಹಳೆಯ ದೌರ್ಬಲ್ಯವೇ ಇದೆ. ಅಗ್ಗದ ಬೀಗದಲ್ಲಿ ಅದು ಇನ್ನೂ ಹೆಚ್ಚು. ಆದರೆ 25 ನಿಮಿಷಕ್ಕೂ 51 ಗಂಟೆಗೂ ಅಂತರವಿದೆ. ಬೀಗವು ಕಳ್ಳನನ್ನು ಎಂದೆಂದಿಗೂ ತಡೆಯದು, ತಡ ಮಾಡಿಸುತ್ತದೆ. ಅದರ ಬೆಲೆಯಿರುವುದು ಆ ತಡದಲ್ಲಿ.

ದಸರೆಯ ರಜೆಗೆ ಹೋಗುವಾಗ ಆರು ಲಿವರುಗಳ ಒಂದು ಬೀಗವನ್ನು ಕೊಂಡೊಯ್ದೆನು. ಇದನ್ನು ಯಾರೂ ತೆರೆಯಲಾರರೇ ಎಂದು ಅವ್ವ ಕೇಳಿದಳು. ತೆರೆಯಬಲ್ಲರು, ಆದರೆ ಬಹಳ ಹೊತ್ತು ಬೇಕು ಎಂದೆನು. ಅವಳು ಸ್ವಲ್ಪ ಯೋಚಿಸಿ, ಹಾಗಾದರೆ ಆ ಹೊತ್ತಿನಲ್ಲಿ ನಮ್ಮ ಬಾಗಿಲ ಕಡೆ ಒಂದು ಕಣ್ಣಿಟ್ಟಿರಲು ಪಕ್ಕದ ಮನೆಯ ಅಜ್ಜಿಗೆ ಹೇಳಿ ಬಾ ಎಂದು ನನ್ನನ್ನು ಕಳುಹಿಸಿದಳು.