ಕುಡಿಯದೆಯೂ ತೂರಾಡುವುದೇಕೆ? ಕಿರುಮೆದುಳಿನೊಳಗೆ ಇಣುಕಿದ ಪುರ್ಕಿಂಜೆಯ ಕಥೆ

ಕೆಂಕೆರೆ ಕಡೆ ಕೊಬ್ಬರಿಗೆಂದು ಕಾಯಿ ಸುಲಿಯುವ ದಿನ ಯಾವುದಾದರೂ ತೋಟದ ಮನೆ ಮುಂದೆ ಹತ್ತು ನಿಮಿಷ ನಿಂತು ನೋಡಿ. ನೆಲಕ್ಕೆ ನೆಟ್ಟ ಚೂಪು ಕಬ್ಬಿಣಕ್ಕೆ ಕಾಯಿ ಕುಕ್ಕುತ್ತಾರೆ, ಒಂದು ತಿರುವು ಕೊಡುತ್ತಾರೆ, ಸಿಪ್ಪೆ ಬೇರೆ ಕಾಯಿ ಬೇರೆ. ಸುಲಿಯುವವರು ಪಕ್ಕದವರ ಜೊತೆ ತಿಪಟೂರಿನ ಕೊಬ್ಬರಿ ರೇಟಿನ ಬಗ್ಗೆ ಮಾತಾಡುತ್ತಲೇ ಇರುತ್ತಾರೆ, ಕಣ್ಣು ಎಲ್ಲೋ ಇರುತ್ತದೆ. ಆದರೂ ಕೈ ಮೊನೆಗೆ ತಾಗುವುದಿಲ್ಲ. ಈ ಲೆಕ್ಕ ಇಡುವುದು ತಲೆಯ ಹಿಂಭಾಗದಲ್ಲಿ, ಕುತ್ತಿಗೆಗಿಂತ ಸ್ವಲ್ಪ ಮೇಲೆ ಕೂತಿರುವ ಕಿರುಮೆದುಳು. ಡಾಕ್ಟರು ಇದನ್ನು ಸೆರೆಬೆಲ್ಲಮ್ ಎನ್ನುತ್ತಾರೆ.

ಮನುಷ್ಯ ತನ್ನ ಮೆದುಳಿನ ಶೇ. 10ರಷ್ಟನ್ನು ಮಾತ್ರ ಬಳಸುತ್ತಾನೆ ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಅದು ಸುಳ್ಳು. ತಮಾಷೆ ಏನೆಂದರೆ ಕಿರುಮೆದುಳಿನ ತೂಕ ಇಡೀ ಮೆದುಳಿನ ಸುಮಾರು ಶೇ. 10 ಮಾತ್ರ, ಅಂದಾಜು 150 ಗ್ರಾಂ. ಆದರೆ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇರುವುದು ಅಲ್ಲೇ. ಆ ಪುಟ್ಟ ಜಾಗದ ಅತಿ ಮುಖ್ಯ ಕೋಶಕ್ಕೆ ಒಬ್ಬರ ಹೆಸರಿದೆ: ಯಾನ್ ಪುರ್ಕಿಂಜೆ.

ಪುರ್ಕಿಂಜೆ ಹುಟ್ಟಿದ್ದು 1787ರ ಡಿಸೆಂಬರ್‌ನಲ್ಲಿ, ಇಂದಿನ ಚೆಕ್ ದೇಶದ ಲಿಬೊಹೊವಿಟ್ಸೆ ಎಂಬ ಊರಿನಲ್ಲಿ. ತಂದೆ ಒಬ್ಬ ಜಮೀನ್ದಾರರ ಎಸ್ಟೇಟಿನ ಪಾರುಪತ್ಯ ನೋಡುತ್ತಿದ್ದರು. ಮಗನಿಗೆ ಆರೇಳು ವರ್ಷ ಆಗುವಷ್ಟರಲ್ಲಿ ಅವರು ತೀರಿಕೊಂಡರು. ಹುಡುಗನ ಕಂಠ ಚೆನ್ನಾಗಿತ್ತು. ಮಠದವರ ಶಾಲೆಯಲ್ಲಿ ಹಾಡುವ ಹುಡುಗರ ಗುಂಪಿಗೆ ಸೇರಿಸಿಕೊಂಡರು, ಊಟ ಓದು ಎರಡೂ ಸಿಕ್ಕಿತು. ಮುಂದೆ ಅದೇ ಮಠಕ್ಕೆ ಸೇರಿ ಮೇಷ್ಟರೂ ಆದರು. ಸನ್ಯಾಸ ಪೂರ್ತಿ ಸ್ವೀಕರಿಸುವ ಮೊದಲೇ, 1807ರಲ್ಲಿ, ಬಿಟ್ಟು ಹೊರಟರು. ಪ್ರಾಗ್ ತನಕ ಕಾಲ್ನಡಿಗೆ. ಅಲ್ಲಿ ಮನೆಪಾಠ ಹೇಳಿಕೊಂಡು ವೈದ್ಯಶಾಸ್ತ್ರ ಓದಿ 1818ರಲ್ಲಿ ಪದವಿ ಪಡೆದರು. ಆಗ ವಯಸ್ಸು ಮೂವತ್ತು.

ಉಪಕರಣ ಕೊಳ್ಳಲು ಕಾಸಿರಲಿಲ್ಲ. ಹಾಗಾಗಿ ತಮ್ಮ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಸಂಜೆ ಬೆಳಕು ಇಳಿಯುವಾಗ ಕೆಂಪು ಹೂವು ಬೇಗ ಕಪ್ಪಾಗಿ ಕಾಣುತ್ತದೆ, ನೀಲಿ ಮಾತ್ರ ಇನ್ನೂ ಹೊಳೆಯುತ್ತಿರುತ್ತದೆ. ಇದನ್ನು ಗಮನಿಸಿ ಬರೆದಿಟ್ಟವರು ಅವರೇ. ಡಿಜಿಟಾಲಿಸ್ ಎಂಬ ಗಿಡದ ಔಷಧಿಯನ್ನು ತಾವೇ ಸೇವಿಸಿ ಕಣ್ಣಮುಂದೆ ಏನೇನು ಮಿನುಗುತ್ತದೆ ಎಂದು ದಾಖಲಿಸಿದರು. (ಇದನ್ನು ಓದಿ ಯಾರೂ ಪ್ರಯತ್ನಿಸಬೇಡಿ. ನಮ್ಮ ಬೇಲಿಯ ಕಣಗಿಲೆಯಲ್ಲೂ ಇದೇ ಜಾತಿಯ ವಿಷವಿದೆ, ಹೃದಯವನ್ನೇ ನಿಲ್ಲಿಸಬಲ್ಲದು.) ಗಿರಗಿರ ಸುತ್ತಿ ನಿಂತಾಗ ಲೋಕ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದು ಸುತ್ತುವಾಗ ತಲೆ ಯಾವ ಭಂಗಿಯಲ್ಲಿತ್ತು ಎಂಬುದನ್ನು ಅವಲಂಬಿಸುತ್ತದೆ ಎಂದೂ ಕಂಡುಕೊಂಡರು. ಮಕ್ಕಳಾಟದಂತೆ ಕಾಣುವ ವಿಷಯ. ಕಿವಿಯೊಳಗಿನ ಕೊಳವೆಗಳು ಸಮತೋಲನ ಕಾಯುತ್ತವೆ ಎಂದು ಬೇರೆಯವರು ಸ್ಪಷ್ಟವಾಗಿ ತೋರಿಸಿದ್ದು 1870ರ ದಶಕದಲ್ಲಿ, ಇವರು ತೀರಿಕೊಂಡ ಮೇಲೆ.

1823ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು. ಇಂದು ಆ ಊರು ಪೋಲೆಂಡ್‌ನಲ್ಲಿದೆ. ಅದೇ ವರ್ಷ ಬೆರಳ ಗುರುತುಗಳನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದರು. ಕಳ್ಳರನ್ನು ಹಿಡಿಯಲು ಬೆರಳಚ್ಚು ಬಳಸಿದ್ದು ಇವರಲ್ಲ, ಆ ಆಲೋಚನೆ ಬಂದದ್ದು ಬಹಳ ತಡವಾಗಿ, ಬೇರೆಯವರಿಗೆ. ಮದುವೆಯಾದರು, ನಾಲ್ಕು ಮಕ್ಕಳಾದವು. ಇಬ್ಬರು ಹೆಣ್ಣುಮಕ್ಕಳು ಎಳೆಯ ವಯಸ್ಸಿನಲ್ಲೇ ಹೋದರು, 1835ರಲ್ಲಿ ಹೆಂಡತಿಯೂ ಹೋದರು. ಇಬ್ಬರು ಗಂಡುಮಕ್ಕಳನ್ನು ಇಟ್ಟುಕೊಂಡು ಒಂಟಿಯಾಗಿ ಉಳಿದರು. ಅವರ ಅತಿ ದೊಡ್ಡ ಕೆಲಸ ನಡೆದದ್ದು ಈ ವರ್ಷಗಳಲ್ಲೇ. ವಿಶ್ವವಿದ್ಯಾಲಯ ಜಾಗ ಕೊಟ್ಟಿರಲಿಲ್ಲ, ಮನೆಯಲ್ಲೇ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಕೆಲಸ ಮಾಡಿದರು. 1832ರಲ್ಲಿ ಒಂದು ಒಳ್ಳೆಯ ಮೈಕ್ರೋಸ್ಕೋಪ್ ಕೈಗೆ ಬಂದಿತ್ತು.

ಮೆದುಳು ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ, ಹಾಗೇ ಕೊಯ್ದರೆ ಮುದ್ದೆಯಾಗುತ್ತದೆ. ಅದನ್ನು ಗಟ್ಟಿ ಮಾಡಿ, ತೆಳುವಾಗಿ ಹೆರೆದು ನೋಡಿದಾಗ ಕಿರುಮೆದುಳಿನ ಮಡಿಕೆಗಳಲ್ಲಿ ಹೂಜಿಯಂಥ ದೊಡ್ಡ ಕೋಶಗಳು ಸಾಲಾಗಿ ಕೂತಿದ್ದವು. ಒಂದು ಕಡೆ ಬಾಲ, ಇನ್ನೊಂದು ಕಡೆ ಮೇಲಕ್ಕೆ ಚಾಚಿದ ಕೊಂಬೆ. 1837ರಲ್ಲಿ ಪ್ರಾಗ್‌ನಲ್ಲಿ ಸೇರಿದ ವಿಜ್ಞಾನಿಗಳ ಸಭೆಯಲ್ಲಿ ಇದನ್ನು ವಿವರಿಸಿದರು. ಇವೇ ಪುರ್ಕಿಂಜೆ ಕೋಶಗಳು. ಮೆದುಳಿನ ನರಕೋಶವೊಂದರ ಇಷ್ಟು ಸ್ಪಷ್ಟ ವಿವರಣೆ ಅಲ್ಲಿಯವರೆಗೆ ಬಂದಿರಲಿಲ್ಲ.

ಈ ಕೋಶ ಏನು ಮಾಡುತ್ತದೆ ಎಂದು ಈಗ ನಮಗೆ ಗೊತ್ತು. ಕಿರುಮೆದುಳಿನ ಹೊರಪದರದಲ್ಲಿ ಮೂರು ಹಾಸು. ಒಳಗಿನದು ಕಾಳು ಸುರಿದ ಹಾಗಿರುವ ಸಣ್ಣ ಕೋಶಗಳದ್ದು, ನಡುವೆ ಪುರ್ಕಿಂಜೆ ಕೋಶಗಳ ಒಂದೇ ಸಾಲು, ಮೇಲೆ ಅವುಗಳ ಕೊಂಬೆಗಳು. ಕೊಂಬೆಗಳು ತೆಂಗಿನ ಗರಿಯ ಹಾಗೆ ಚಪ್ಪಟೆಯಾಗಿ ಹರಡಿರುತ್ತವೆ. ಕಾಳುಕೋಶಗಳ ತಂತಿಗಳು ಈ ಗರಿಗಳ ಸಾಲನ್ನು ಅಡ್ಡಡ್ಡ ಹಾಯ್ದು ಹೋಗುತ್ತವೆ, ಒಂದೊಂದು ಪುರ್ಕಿಂಜೆ ಕೋಶಕ್ಕೆ ಲಕ್ಷಕ್ಕೂ ಹೆಚ್ಚು ತಂತಿಗಳು ತಾಗುತ್ತವೆ. ಕೈಕಾಲು ಎಲ್ಲಿದೆ, ದೊಡ್ಡ ಮೆದುಳು ಏನು ಮಾಡಲು ಹೊರಟಿದೆ, ಕಿವಿಯ ಸಮತೋಲನ ಏನು ಹೇಳುತ್ತಿದೆ ಎಂಬ ಸುದ್ದಿ ಬೆನ್ನುಹುರಿ ಮತ್ತು ಮೆದುಳ ಕಾಂಡದಿಂದ ಬರುವುದು ಈ ದಾರಿಯಲ್ಲಿ. ಇನ್ನೊಂದು ದಾರಿಯೂ ಇದೆ. ಮೆದುಳ ಕಾಂಡದ ಕೆಳತುದಿಯಿಂದ ಬರುವ ಒಂದೇ ಒಂದು ನರತಂತು ವೀಳ್ಯದ ಬಳ್ಳಿಯಂತೆ ಒಂದು ಪುರ್ಕಿಂಜೆ ಕೋಶವನ್ನು ಸುತ್ತಿ ಹತ್ತುತ್ತದೆ. ಎಣಿಸಿದ್ದಕ್ಕೂ ನಡೆದದ್ದಕ್ಕೂ ವ್ಯತ್ಯಾಸ ಬಂದಾಗ ಅದು ಎಚ್ಚರಿಸುತ್ತದೆ. ಮೊದಲ ಸಲ ಕಾಯಿ ಸುಲಿಯುವವರ ಕೈ ಎಡವುತ್ತದೆ, ಸಾವಿರ ಕಾಯಿ ಆದ ಮೇಲೆ ಎಡವುವುದಿಲ್ಲ. ಈ ಕಲಿಕೆಯಲ್ಲಿ ಆ ಎಚ್ಚರಿಕೆಗೆ ದೊಡ್ಡ ಪಾತ್ರವಿದೆ.

ಪುರ್ಕಿಂಜೆ ಕೋಶದಿಂದ ಹೊರಗೆ ಹೋಗುವ ಸಂದೇಶ ಒಂದೇ: ತಡೆ. ಕಿರುಮೆದುಳಿನ ಆಳದ ಗಂಟುಗಳನ್ನು ಅದು ಬೇಕಾದಷ್ಟೇ ಅದುಮಿ ಹಿಡಿಯುತ್ತದೆ. ಉಳಿದ ಸಂದೇಶ ಥಾಲಮಸ್ ಮೂಲಕ ದೊಡ್ಡ ಮೆದುಳಿಗೆ ಹೋಗಿ ಚಲನೆಯನ್ನು ತಿದ್ದುತ್ತದೆ. ಬ್ರೇಕ್ ಸರಿಯಿದ್ದರೇ ಗಾಡಿ ಹದವಾಗಿ ಓಡುವುದು ಎಂದುಕೊಳ್ಳಿ. ದೊಡ್ಡ ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ ಎಂದು ಓದಿರುತ್ತೀರಿ. ಕಿರುಮೆದುಳಿನಲ್ಲಿ ಹಾಗಿಲ್ಲ. ದಾರಿ ಎರಡು ಸಲ ಅಡ್ಡ ಹಾಯುವುದರಿಂದ ಎಡಕ್ಕೆ ಎಡವೇ.

ಮದ್ಯ ಈ ಭಾಗದ ಕೆಲಸ ಕೆಡಿಸುತ್ತದೆ, ಅದಕ್ಕೇ ಕುಡಿದವರು ತೂರಾಡುವುದು, ನಾಲಿಗೆ ತೊದಲುವುದು. ವರ್ಷಗಟ್ಟಲೆ ಕುಡಿದರೆ ಪುರ್ಕಿಂಜೆ ಕೋಶಗಳೇ ಸಾಯುತ್ತವೆ. ಆದರೆ ಈ ಮಾತನ್ನು ತಿರುಗಿಸಿ ಓದಬಾರದು. ಹನಿ ಮುಟ್ಟದವರೂ ತೂರಾಡಬಹುದು: ವಂಶಪಾರಂಪರ್ಯವಾಗಿ ಬರುವ ಅಟಾಕ್ಸಿಯಾ, ಗೆಡ್ಡೆ, ಕೆಲವು ಮಾತ್ರೆಗಳು, ಎಲ್ಲಕ್ಕಿಂತ ಅವಸರದ್ದು ಕಿರುಮೆದುಳಿನ ಸ್ಟ್ರೋಕ್. ಚೆನ್ನಾಗಿದ್ದವರಿಗೆ ಇದ್ದಕ್ಕಿದ್ದಂತೆ ತಲೆ ಸುತ್ತಿ, ವಾಂತಿಯಾಗಿ, ಆಸರೆ ಇಲ್ಲದೆ ನಿಲ್ಲಲಾಗದಿದ್ದರೆ, ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಪಿತ್ತ ಎಂದು ನಿಂಬೆ ಪಾನಕ ಕುಡಿಸಿ ಮಲಗಿಸಬೇಡಿ. ಸ್ಟ್ರೋಕ್ ಆದವರಿಗೆ ನುಂಗಲು ಕಷ್ಟವಾಗಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ, ಅದರಲ್ಲಿ ದಾರಿಯ ಸಮಯವೂ ಸೇರಿದೆ. 108ಕ್ಕೆ ಫೋನ್ ಮಾಡಿ, ಶುರುವಾದ ಹೊತ್ತನ್ನು ನೆನಪಿಟ್ಟುಕೊಂಡು ಡಾಕ್ಟರಿಗೆ ಹೇಳಿ. ಮೊದಲ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣದೇ ಇರುವುದೂ ಉಂಟು, ಎಂಆರ್‌ಐ ಬೇಕೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಪುರ್ಕಿಂಜೆ 1839ರಲ್ಲಿ ಕುರಿಯ ಹೃದಯದಲ್ಲಿ ಬಡಿತದ ಸಂದೇಶ ಒಯ್ಯುವ ಎಳೆಗಳನ್ನೂ ಕಂಡರು. ಅವಕ್ಕೂ ಅವರ ಹೆಸರೇ ಇದೆ. 1850ರಲ್ಲಿ ಪ್ರಾಗ್‌ಗೆ ಮರಳಿ, ಜರ್ಮನ್ ಭಾಷೆಯ ಅಬ್ಬರದ ನಡುವೆ ತಾಯ್ನುಡಿ ಚೆಕ್‌ನಲ್ಲೇ ವಿಜ್ಞಾನ ಪತ್ರಿಕೆ ಶುರುಮಾಡಿದರು. 1869ರ ಜುಲೈನಲ್ಲಿ ತೀರಿಕೊಂಡರು. ನಾಲ್ಕು ವರ್ಷದ ನಂತರ ಇಟಲಿಯ ಗಾಲ್ಜಿ ನರಕೋಶಕ್ಕೆ ಕಪ್ಪು ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದರು. 1888ರಲ್ಲಿ ಸ್ಪೇನಿನ ಕಹಾಲ್ ಅದೇ ಬಣ್ಣದಲ್ಲಿ ಕಿರುಮೆದುಳನ್ನು ನೋಡಿದರು. ಪುರ್ಕಿಂಜೆಗೆ ಬುಡ ಮಾತ್ರ ಕಂಡಿದ್ದ ಆ ಕೊಂಬೆಗಳು ಅಲ್ಲಿ ತುದಿಯವರೆಗೂ ಬಿಡಿಸಿಕೊಂಡಿದ್ದವು.