ಬರಿಗಾಲಿನ ಬಿಕಿಲ

ಮೊನ್ನೆ ನಮ್ಮ ಕಾಲೇಜಿನಲ್ಲಿ 'ಟೋಕಿಯೋ ಒಲಿಂಪಿಯಾಡ್' ತೋರಿಸಿದರು. 1964ರ ಒಲಿಂಪಿಕ್ಸ್ ಕುರಿತು ಜಪಾನಿನ ಕೋನ್ ಇಚಿಕಾವ ತೆಗೆದ ಸಾಕ್ಷ್ಯಚಿತ್ರ; ಬಿಡುಗಡೆಯಾದದ್ದು 1965ರಲ್ಲಿ. ಮೂರು ತಾಸಿಗೆ ತುಸು ಕಡಿಮೆ. ಅಕೌಂಟೆನ್ಸಿಯಲ್ಲಿ ಡುಮ್ಕಿ ಹೊಡೆದ ಬೇಸರದಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕನ್ನಡ ಮಾಧ್ಯಮದವನು ನಾನು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಅರ್ಧ ಓದುವಷ್ಟರಲ್ಲಿ ಮಾಯ. ಆದರೆ ಮ್ಯಾರಥಾನ್ ಬಂದಾಗ ಅಕ್ಷರ ಬೇಕಾಗಲೇ ಇಲ್ಲ. ತೆಳ್ಳನೆಯ ಮುಖವೊಂದು ಪರದೆ ತುಂಬ ನಿಧಾನವಾಗಿ ಓಡುತ್ತಿತ್ತು. ಅಳುಕಿಲ್ಲ, ಅವಸರವಿಲ್ಲ. ಯಾರಪ್ಪ ಈತ ಅಂತ ಮರುದಿನವೇ ಲೈಬ್ರರಿಗೆ ಹೋದೆ.

ಅಬೆಬೆ ಬಿಕಿಲ ಹುಟ್ಟಿದ್ದು 1932ರಲ್ಲಿ, ಇಥಿಯೋಪಿಯಾದ ಹಳ್ಳಿಯೊಂದರಲ್ಲಿ. ಬೆಳೆದು ಚಕ್ರವರ್ತಿಯ ಕಾವಲುಪಡೆ ಸೇರಿದ. ಸ್ವೀಡನ್ನಿನ ಓನ್ನಿ ನಿಸ್ಕಾನೆನ್ ಅವನಿಗೆ ಓಟ ಕಲಿಸಿದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಬೂಟು ಕಾಲಿಗೆ ಹೊಂದಲಿಲ್ಲ. ಬರಿಗಾಲಲ್ಲೇ 42 ಕಿಲೋಮೀಟರ್ ಓಡಿ ಗೆದ್ದ. ಹಿಡಿದದ್ದು 2 ಗಂಟೆ 15 ನಿಮಿಷ 16 ಸೆಕೆಂಡು. ಆ ದಾರಿಯಲ್ಲಿ ಆಕ್ಸುಮ್‌ನ ಶಿಲಾಸ್ತಂಭ ನಿಂತಿತ್ತು. ಮುಸೊಲಿನಿಯ ಕಾಲದಲ್ಲಿ ಇಟಲಿಯವರು ಅವನ ದೇಶವನ್ನು ಗೆದ್ದು ಹೊತ್ತು ತಂದದ್ದು ಅದು. ಮರಳಿ ಊರು ಸೇರಿದ್ದು 2005ರಲ್ಲಿ!

ಟೋಕಿಯೋ ಓಟಕ್ಕೆ ಕೆಲವೇ ವಾರ ಮೊದಲು ಬಿಕಿಲನಿಗೆ ಅಪೆಂಡಿಕ್ಸ್ ಆಪರೇಶನ್ ಆಯಿತು. ಆದರೂ ಓಡಿದ, ಈ ಸಲ ಬೂಟು ಹಾಕಿಕೊಂಡು. 2 ಗಂಟೆ 12 ನಿಮಿಷ 11 ಸೆಕೆಂಡು. ಒಲಿಂಪಿಕ್ ಮ್ಯಾರಥಾನನ್ನು ಎರಡು ಸಲ ಗೆದ್ದ ಮೊದಲಿಗ ಆತ. ಎರಡನೆಯವನು ಬಂದದ್ದು ನಾಲ್ಕು ನಿಮಿಷದ ಮೇಲೆ; ಅಷ್ಟರಲ್ಲಿ ಬಿಕಿಲ ಹುಲ್ಲಿನ ಮೇಲೆ ಕಸರತ್ತು ಮಾಡ್ತಿದ್ದ. ಇಚಿಕಾವರ ಕ್ಯಾಮೆರಾ ಗೆದ್ದವನನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ನೀರಿನ ಮೇಜಿನ ಬಳಿ ನಿಂತವರನ್ನೂ, ಕಾಲು ಬೊಬ್ಬೆ ಬಂದವರನ್ನೂ ತೋರಿಸಿತು.

ಚಿತ್ರ ಅಲ್ಲಿಗೆ ಮುಗಿಯಿತು, ಬಾಳು ಮುಗಿಯಲಿಲ್ಲ. 1968ರಲ್ಲಿ ಮೆಕ್ಸಿಕೋದಲ್ಲಿ ಬಿಕಿಲನೂ ನಡುದಾರಿಯಲ್ಲೇ ನಿಂತ. 1969ರಲ್ಲಿ ಕಾರು ಅಪಘಾತ. ಆಮೇಲೆ ನಡೆಯಲಿಕ್ಕೇ ಆಗಲಿಲ್ಲ. ಚಿಕಿತ್ಸೆಗೆ ಇಂಗ್ಲೆಂಡಿಗೆ ಹೋದವನು 1970ರಲ್ಲಿ ಅಲ್ಲೇ, ಗಾಲಿಕುರ್ಚಿಯವರ ಕ್ರೀಡಾಕೂಟದಲ್ಲಿ, ಬಿಲ್ಲು ಹಿಡಿದು ಸ್ಪರ್ಧೆಗಿಳಿದ. 1973ರಲ್ಲಿ ತೀರಿಕೊಂಡಾಗ ಬರೇ 41 ವರ್ಷ.

ಎರಡು ಚಿನ್ನದ ಪದಕ ಎಲ್ಲರೂ ಲೆಕ್ಕಕ್ಕೆ ಹಿಡೀತಾರೆ. ಕಾಮರ್ಸ್ ಓದುವ ನನಗೆ ಆ ಬಿಲ್ಲನ್ನು ಯಾವ ಕಾಲಮ್ಮಿನಲ್ಲಿ ಬರೀಬೇಕೋ ತಿಳೀಲಿಲ್ಲ. ನಿನ್ನೆ ಮರುಪರೀಕ್ಷೆಯ ಫಾರಂ ತುಂಬಿ ಬಂದೆ.